ಜಲಾಂತರ್ಗಾಮಿಯ ಗೂಡಿನಲ್ಲೊಂದು ಹಕ್ಕಿ

ಕಡಲೊಳಗೆ ಅಡಗಿ ಸಂಚರಿಸುವ ಜಲಾಂತರ್ಗಾಮಿ ನೌಕೆಗೆ ಹುಟ್ಟಿನಿಂದಲೇ ಒಂದು ಕೊರತೆಯುಂಟು. ನೀರಿನ ಮಟ್ಟಕ್ಕಿಂತ ಕೆಲವೇ ಅಡಿ ಮೇಲೆ ನಿಂತು ನೋಡುವ ಅದರ ನಾವಿಕನಿಗೆ ದೂರದ ಹಡಗು ಕಾಣದು. ಇದನ್ನು ನೀಗಲು ಬ್ರಿಟಿಷ್ ನೌಕಾಪಡೆಯು 1920ರ ದಶಕದಲ್ಲಿ ಒಂದು ವಿಚಿತ್ರ ಉಪಾಯ ಹೂಡಿತು: ಜಲಾಂತರ್ಗಾಮಿಯೊಡನೆ ವಿಮಾನವೊಂದನ್ನೂ ನೀರಿನೊಳಗೆ ಕೊಂಡೊಯ್ಯುವುದು!

ಅದಕ್ಕೆಂದೇ ಪಾರ್ನಲ್ ಸಂಸ್ಥೆಯ ಹೆರಾಲ್ಡ್ ಬೋಲಾಸ್ ರೂಪಿಸಿದ 'ಪೀಟೋ' ಎಂಬ ಪುಟ್ಟ ಕಡಲವಿಮಾನ 1925ರಲ್ಲಿ ಮೊದಲ ಬಾರಿಗೆ ಹಾರಿತು. ಅದರಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ರೆಕ್ಕೆ ಬಿಚ್ಚಿದಾಗ 28 ಅಡಿಗೂ ಮಿಗಿಲಾದ ಅಗಲ, ಮಡಿಸಿದೊಡನೆ 8 ಅಡಿಗೆ ಇಳಿಯುತ್ತಿತ್ತು.

'ಎಂ-2' ಎಂಬ ಜಲಾಂತರ್ಗಾಮಿಯ ಮೇಲಿದ್ದ 12 ಅಂಗುಲದ ಭಾರಿ ಫಿರಂಗಿಯನ್ನು ಕಿತ್ತು, ಆ ಸ್ಥಳದಲ್ಲಿ ನೀರು ನುಗ್ಗದ ವಿಮಾನಗೂಡನ್ನು ಕಟ್ಟಿದರು. ನೌಕೆ ಮೇಲೆದ್ದ ಕೂಡಲೇ ಗೂಡಿನ ಬಾಗಿಲು ತೆರೆಯಬೇಕು. ವಿಮಾನವನ್ನು ಹೊರಗೆಳೆದು ರೆಕ್ಕೆ ಬಿಚ್ಚಬೇಕು. ಕವಣೆಯಂತಹ ಯಂತ್ರ ಅದನ್ನು ಆಕಾಶಕ್ಕೆಸೆಯಬೇಕು. ಪಹರೆ ಮುಗಿಸಿ ಬಂದ ವಿಮಾನ ಸಮೀಪದ ನೀರಿನ ಮೇಲಿಳಿದರೆ, ಕ್ರೇನು ಅದನ್ನೆತ್ತಿ ಮತ್ತೆ ಗೂಡು ಸೇರಿಸುತ್ತಿತ್ತು. ಅಷ್ಟು ಹೊತ್ತೂ ನೌಕೆ ಶತ್ರುವಿನ ಕಣ್ಣಿಗೆ ಬಯಲು. ಆದುದರಿಂದ ತ್ವರೆಯೇ ಇಲ್ಲಿಯ ಮಂತ್ರ.

1932ರ ಜನವರಿ 26ರಂದು ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲೆಂಡ್ ಬಳಿ ಅಭ್ಯಾಸಕ್ಕೆಂದು ಮುಳುಗಿದ ಎಂ-2 ಮತ್ತೆ ಮೇಲೇಳಲಿಲ್ಲ. ಅದರಲ್ಲಿದ್ದ 60 ಮಂದಿಯೂ ಮಡಿದರು. ಎಂಟು ದಿನಗಳ ತರುವಾಯ ಕಡಲ ತಳದಲ್ಲಿ ಅದನ್ನು ಕಂಡ ಮುಳುಗುಗಾರರಿಗೆ ವಿಮಾನಗೂಡಿನ ಬಾಗಿಲು ತೆರೆದೇ ಇತ್ತು! ನೌಕೆ ಪೂರ್ತಿ ಮೇಲೇಳುವ ಮುನ್ನವೇ ಬಾಗಿಲು ತೆರೆದು ನೀರು ನುಗ್ಗಿರಬೇಕೆಂಬುದು ಬಹುಮಂದಿಯ ಊಹೆ.

ಸ್ಕಾಪಾ ಫ್ಲೋದಲ್ಲಿ ಮುಳುಗಿದ್ದ ಜರ್ಮನ್ ಯುದ್ಧನೌಕೆಗಳನ್ನು ಮೇಲೆತ್ತಿ ಹೆಸರಾಗಿದ್ದ ಅರ್ನೆಸ್ಟ್ ಕಾಕ್ಸ್ ಇದನ್ನೂ ಎತ್ತಲು ತಿಂಗಳುಗಟ್ಟಲೆ ಶ್ರಮಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ನೌಕೆ ಮೇಲ್ಮಟ್ಟಕ್ಕೆ ಇನ್ನು ಸುಮಾರು 20 ಅಡಿ ಇರುವಾಗ ಬಿರುಗಾಳಿ ಎದ್ದಿತು. ಎಂ-2 ಮತ್ತೆ ತಳ ಸೇರಿತು.

ಬ್ರಿಟನ್ನು ಅಲ್ಲಿಗೆ ಈ ಪ್ರಯೋಗವನ್ನು ಕೈಬಿಟ್ಟಿತು. ಆದರೆ ಕಲ್ಪನೆ ಸಾಯಲಿಲ್ಲ. 1942ರ ಸೆಪ್ಟೆಂಬರಿನಲ್ಲಿ ಜಪಾನೀ ಜಲಾಂತರ್ಗಾಮಿಯಿಂದ ಹಾರಿದ ಅಂತಹುದೇ ಪುಟ್ಟ ವಿಮಾನವೊಂದು ಅಮೆರಿಕದ ಆರೆಗಾನ್ ಅರಣ್ಯದ ಮೇಲೆ ಬಾಂಬು ಹಾಕಿತು.

ಎಂ-2 ಇಂದಿಗೂ ಅದೇ ಕಡಲ ತಳದಲ್ಲಿದೆ. ದೂರವನ್ನು ಕಾಣಲೆಂದು ಪಡೆದ ಕಣ್ಣು ಪೀಟೋ. ಆ ಕಣ್ಣು ತೆರೆಯುವ ಅವಸರದಲ್ಲಿ ಹತ್ತಿರದ ಮೃತ್ಯು ಕಾಣದೆ ಹೋಯಿತೇನೋ!