ಡಾಕ್ಟರ್ ಕೈಗೆ ಮೊಬೈಲ್ ಬಂದರೆ ನಾವು ಯಾಕೆ ಮಾತು ನಿಲ್ಲಿಸುತ್ತೇವೆ?

ಆನೈಮಲೈಯಲ್ಲಿ ನನ್ನದು ತೆಂಗಿನಕಾಯಿ ವ್ಯಾಪಾರ. ಕಳೆದ ಮಳೆಗಾಲದಲ್ಲಿ ಊರಿಂದ ಬಂದಿದ್ದ ಉಮ್ಮನಿಗೆ ಜ್ವರ, ಕೆಮ್ಮು ಜೋರಾಯಿತು. ಪೊಳ್ಳಾಚಿಯ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಉಮ್ಮ ಬ್ಯಾರಿ ಭಾಷೆಯಲ್ಲೇ ಹೇಳುತ್ತಿದ್ದರು. ಡಾಕ್ಟರ್‌ಗೆ ಮಲಯಾಳಂ ಗೊತ್ತಿದ್ದ ಕಾರಣ ಮುಕ್ಕಾಲು ಪಾಲು ಅರ್ಥ ಆಗ್ತಿತ್ತು. ಅರ್ಧದಲ್ಲಿ ಅವರು ಮೊಬೈಲ್ ತೆಗೆದು ನೋಡತೊಡಗಿದರು. ಉಮ್ಮ ಗಪ್‌ಚುಪ್.

ಹೊರಗೆ ಬಂದು, "ಮೋನೇ, ವಾಟ್ಸ್‌ಆಪ್ ನೋಡಿಕೊಂಡು ಬರೆದ ಮದ್ದು ನನಗೆ ಬೇಡ" ಅಂದರು.

ನನಗೂ ಸಿಟ್ಟು ಬಂದಿತ್ತು. ವಾಪಸ್ ಒಳಗೆ ಹೋಗಿ ಕೇಳಿಯೇಬಿಟ್ಟೆ. ಡಾಕ್ಟರ್ ಮೊಬೈಲನ್ನೇ ತಿರುಗಿಸಿ ತೋರಿಸಿದರು. ಉಮ್ಮ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ತಾರೆ. ಅದರ ಜೊತೆ ಕೆಲವು ಆಂಟಿಬಯೋಟಿಕ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಯಾವುದು ಕೊಡಬಹುದು ಎಂದು ಅವರು ನೋಡುತ್ತಿದ್ದದ್ದು. ಆಗಲೇ ಉಮ್ಮನ ಚೀಲದಿಂದ ಇನ್ನೊಂದು ವಿಷಯ ಹೊರಬಿತ್ತು: ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆ. ವಾರ್ಫರಿನ್ ಜೊತೆ ಅದೂ ಅಪಾಯವೇ. ಮೊಬೈಲ್ ಕಂಡು ಮಾತು ನಿಲ್ಲಿಸಿದ ಕಾರಣ ಅದನ್ನು ಹೇಳಿರಲೇ ಇಲ್ಲ.

ನಮ್ಮ ಮಂಗಳೂರಿನಲ್ಲೇ ನೋಡಿ. ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಶುರು ಮಾಡಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ನಡೆಯುವುದೇ ವಾಟ್ಸ್‌ಆಪ್‌ನಲ್ಲಿ. ಹಳ್ಳಿಯ ಡಾಕ್ಟರ್ ಇಸಿಜಿ ಫೋಟೋ ಗ್ರೂಪಿಗೆ ಹಾಕಿದರೆ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಎದೆನೋವಿನವನ ಮುಂದೆ ಡಾಕ್ಟರ್ ಮೊಬೈಲ್ ಒತ್ತುತ್ತಿದ್ದರೆ ಅದು ಅವನ ಜೀವದ ವಿಷಯವೇ ಆಗಿರಬಹುದು. ತಮಿಳುನಾಡಿನಲ್ಲಿ 2021ರ ಆಗಸ್ಟ್‌ನಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯವರು ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಅವರ ಕೈಯಲ್ಲೂ ಮೊಬೈಲ್ ಇರುತ್ತದೆ.

ಹಾಗಂತ ಎಲ್ಲವೂ ಸರಿ ಅಂತ ನಾನು ಹೇಳಲ್ಲ. ಪರೀಕ್ಷೆ ಮಾಡುವಾಗ ಸ್ವಂತ ಫೋನಿನಲ್ಲಿ ಹರಟುವವರೂ ಇದ್ದಾರೆ. ಗಾಯದ ಫೋಟೋ ತೆಗೆದರೆ ಯಾರಿಗೆ ಕಳಿಸ್ತೀರಿ ಎಂದು ಕೇಳುವುದು ನಮ್ಮ ಹಕ್ಕು. ಕೇಂದ್ರ ಸರಕಾರ 2020ರ ಮಾರ್ಚ್‌ನಲ್ಲಿ ತಂದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ರೋಗಿಯ ಫೋಟೋ, ಮಾಹಿತಿ ದುರ್ಬಳಕೆ ಮಾಡಿದರೆ ಅದು ವೈದ್ಯರ ದುರ್ನಡತೆ. ಕೇಳಲಿಕ್ಕೆ ಜಗಳ ಬೇಕಿಲ್ಲ. "ಡಾಕ್ಟ್ರೇ, ಏನು ನೋಡ್ತಿದ್ದೀರಿ?" ಅಂದರೆ ಸಾಕು.

ವಾರ ಬಿಟ್ಟು ಮತ್ತೆ ಹೋದೆವು. ಮೊಬೈಲ್ ತೆಗೆಯುವ ಮೊದಲೇ ಡಾಕ್ಟರ್, "ಉಮ್ಮಾ, ಮದ್ದು ನೋಡ್ತೇನೆ" ಎಂದರು. ಉಮ್ಮ ಮಂಡಿನೋವಿನ ಕಥೆ ಮೊದಲಿಂದ ಶುರು ಮಾಡಿದರು.