ಸೈನಿಕನ ಕಾಗದ, ವಾದ್ಯವೃಂದದ ದನಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯ ಸತ್ಯ ಸ್ಕಂದಗಿರಿಯ ತಪ್ಪಲಿನಲ್ಲಿ ಬೆಳೆದ ನಮಗೆ ಚೆನ್ನಾಗಿ ತಿಳಿದದ್ದೇ. ಯುದ್ಧವೂ ಅಂಥದೊಂದು ಬೆಟ್ಟ. ನಮ್ಮ ಹಳ್ಳಿಗಳಲ್ಲಿ ಹಾರ್ಮೋನಿಯಂ ಇಟ್ಟು ಆಡುವ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನಿಗೆ ಹಾಡುಂಟು, ಕರ್ಣನಿಗೆ ಹಾಡುಂಟು. ಹದಿನೆಂಟು ಅಕ್ಷೌಹಿಣಿಯಲ್ಲಿ ಬಿದ್ದ ಕಾಲಾಳಿಗೆ ಒಂದು ಪದವೂ ಇಲ್ಲ. ಆ ಕಾಲಾಳು ತಾನೇ ಬರೆದುದನ್ನು ಸಂಗೀತಗಾರನು ಎತ್ತಿಕೊಂಡರೆ ಏನಾಗುತ್ತದೆ? ಇದಕ್ಕೆ ಉತ್ತರವಾಗಿ ನಿಂತಿರುವ ಒಂದು ಕೃತಿಯನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದು ನನ್ನ ಉದ್ದೇಶ.

ವಿಲ್ಫ್ರೆಡ್ ಓವೆನ್ ಎಂಬ ಆಂಗ್ಲ ಯುವಕನು ಮೊದಲನೆಯ ಮಹಾಯುದ್ಧದಲ್ಲಿ ಕಾಲಾಳು ಪಡೆಯ ಅಧಿಕಾರಿಯಾಗಿದ್ದನು. ಕಂದಕಗಳ ಕೆಸರನ್ನೂ ವಿಷಾನಿಲವನ್ನೂ ಕಂಡು ಕವಿತೆಗಳನ್ನು ಬರೆದನು. 1918ರ ನವೆಂಬರ್ 4ರಂದು, ಯುದ್ಧ ನಿಲ್ಲುವುದಕ್ಕೆ ಒಂದೇ ವಾರವಿದ್ದಾಗ, ಫ್ರಾನ್ಸಿನಲ್ಲಿ ಮಡಿದನು. ವಯಸ್ಸು ಇಪ್ಪತ್ತೈದು. ಅವನ ಕಿರುಪುಸ್ತಕದಲ್ಲಿ ರವೀಂದ್ರನಾಥ ಠಾಕೂರರ ಗೀತಾಂಜಲಿಯ ಸಾಲುಗಳಿದ್ದುವೆಂದು ಅವನ ತಾಯಿ 1920ರಲ್ಲಿ ಕವಿಗೆ ಬರೆದು ತಿಳಿಸಿದಳು.

ಎರಡನೆಯ ಮಹಾಯುದ್ಧದಲ್ಲಿ, 1940ರ ನವೆಂಬರ್ 14ರ ರಾತ್ರಿ, ಕೊವೆಂಟ್ರಿ ನಗರದ ದೊಡ್ಡ ಇಗರ್ಜಿ ಬಾಂಬಿಗೆ ತುತ್ತಾಯಿತು. ಪಾಳುಗೋಡೆಗಳ ಪಕ್ಕದಲ್ಲೇ ಹೊಸ ಇಗರ್ಜಿ ಎದ್ದಿತು. ಅದರ ಪ್ರತಿಷ್ಠೆಯ ಸಂದರ್ಭಕ್ಕಾಗಿ ಬೆಂಜಮಿನ್ ಬ್ರಿಟನ್ ರಚಿಸಿದ ಕೃತಿಯೇ ‘ವಾರ್ ರಿಕ್ವಿಯಮ್’. 1962ರ ಮೇ 30ರಂದು ಅದರ ಪ್ರಥಮ ಪ್ರಯೋಗ ನಡೆಯಿತು.

ರಿಕ್ವಿಯಮ್ ಎಂದರೆ ಮೃತರ ಆತ್ಮಶಾಂತಿಗಾಗಿ ಲ್ಯಾಟಿನ್ ಭಾಷೆಯಲ್ಲಿ ಸಲ್ಲಿಸುವ ಪ್ರಾರ್ಥನೆ. ಬ್ರಿಟನ್ನನು ಅದರ ನಡುನಡುವೆ ಓವೆನ್ನನ ಒಂಬತ್ತು ಕವಿತೆಗಳನ್ನು ಹೆಣೆದನು. ಗಾಯಕ ವಾದಕರನ್ನು ಮೂರು ಗುಂಪು ಮಾಡಿದನು. ದೊಡ್ಡ ವಾದ್ಯವೃಂದ, ಮೇಳಗಾಯಕರು ಮತ್ತು ಒಬ್ಬ ಗಾಯಕಿ ಲ್ಯಾಟಿನ್ ಪ್ರಾರ್ಥನೆಯನ್ನು ಹಾಡುತ್ತಾರೆ. ಹನ್ನೆರಡೇ ವಾದಕರ ಸಣ್ಣ ಮೇಳದೊಡನೆ ಇಬ್ಬರು ಗಾಯಕರು ಸೈನಿಕನ ಮಾತನ್ನು ಹಾಡುತ್ತಾರೆ. ದೂರದಲ್ಲಿ ಆರ್ಗನ್ ವಾದ್ಯದೊಡನೆ ಬಾಲಕರ ದನಿ ಕೇಳುತ್ತದೆ.

ಈ ಹೆಣಿಗೆ ಎಷ್ಟು ಹರಿತವಾದುದೆಂಬುದಕ್ಕೆ ಒಂದು ಉದಾಹರಣೆ ಸಾಕು. ಅಬ್ರಹಾಮನಿಗೂ ಅವನ ಸಂತತಿಗೂ ದೇವರು ಇತ್ತ ವಚನವನ್ನು ಪ್ರಾರ್ಥನೆ ನೆನೆಯುತ್ತದೆ. ಒಡನೆಯೇ ಓವೆನ್ನನ ಕವಿತೆ ಬರುತ್ತದೆ. ಬೈಬಲಿನಲ್ಲಿ ಮುದುಕ ಅಬ್ರಹಾಮನು ಮಗನ ಬದಲು ಟಗರನ್ನು ಬಲಿಕೊಡುತ್ತಾನೆ. ಓವೆನ್ನನಲ್ಲಿ ಮುದುಕನು ದೇವದೂತನ ಮಾತು ಕೇಳದೆ ಮಗನನ್ನೂ ಯುರೋಪಿನ ಅರ್ಧದಷ್ಟು ತರುಣರನ್ನೂ ಕೊಲ್ಲುತ್ತಾನೆ. ಗಾಯಕರು ಆ ಸಾಲನ್ನು ಮತ್ತೆ ಮತ್ತೆ ಹಾಡುತ್ತಿರುವಾಗ ದೂರದ ಬಾಲಕರು ಬಲಿಯನ್ನು ಸ್ವೀಕರಿಸೆಂದು ದೇವರನ್ನು ಬೇಡುತ್ತಾರೆ. ಸಂಗೀತಗಾರನು ತನ್ನ ಕಡೆಯಿಂದ ಒಂದು ಮಾತನ್ನೂ ಸೇರಿಸಲಿಲ್ಲ. ಎರಡು ಬರಹಗಳನ್ನು ಎದುರುಬದುರು ನಿಲ್ಲಿಸಿದನು, ಅಷ್ಟೆ.

ಸ್ವರದಲ್ಲಿಯೂ ಹೀಗೆಯೇ. ಆರಂಭದ ಗಂಟೆಗಳು ನುಡಿಯುವುದು ಎರಡೇ ಸ್ವರಗಳನ್ನು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ ಮತ್ತು ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ಪಂಚಮದ ಆಸರೆಯಿಂದ ಮಂಗಳಕರವಾಗಿ ಕೇಳುವ ಪ್ರತಿಮಧ್ಯಮವು ಇಲ್ಲಿ ಆಸರೆಯಿಲ್ಲದೆ ಷಡ್ಜದೊಡನೆ ಸೆಣಸುತ್ತದೆ. ಕೊನೆಯ ಕವಿತೆಯಲ್ಲಿ ಸತ್ತ ಸೈನಿಕನು ತಾನು ಕೊಂದ ಶತ್ರುವನ್ನೇ ಭೇಟಿಯಾಗುತ್ತಾನೆ. ಆ ಬಳಿಕವೂ ಗಂಟೆ ಅದೇ ಎರಡು ಸ್ವರಗಳನ್ನು ನುಡಿಯುತ್ತದೆ. ಮೇಳವು ತೀರ ಮೆಲ್ಲಗೆ ನೆಮ್ಮದಿಗೆ ಇಳಿಯುತ್ತದೆ.

ಕವಿತೆಗೆ ಸಂಗೀತ ಸರಿ, ಸಾಮಾನ್ಯ ಸೈನಿಕನ ಕಾಗದಕ್ಕೇಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಆದ್ದರಿಂದ ಬೀದಿಯ ಕಾಗದಪತ್ರಗಳನ್ನು ಓದಿ ಹೇಳುವ ಕೆಲಸವೂ ನನ್ನದು. ನೆರೆಮನೆಯ ಅಜ್ಜಿಯೊಬ್ಬರು 1971ರ ಯುದ್ಧಕಾಲದಲ್ಲಿ ಗಂಡ ಬರೆದ ಕಾಗದಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅವುಗಳಲ್ಲಿ ಗುಂಡಿನ ಮಾತಿಲ್ಲ. ತಾನು ಕ್ಷೇಮ, ರಾಗಿ ಕೊಯ್ಲು ಮುಗಿಯಿತೆ, ಕಳವಾರ ಬೆಟ್ಟದ ಮೇಲೆ ಮಂಜು ಇಳಿದಿದೆಯೆ? ಇಷ್ಟೇ. ನಾನು ಓದುವಾಗ ಅಜ್ಜಿ ‘ಕ್ಷೇಮ’ ಎಂಬಲ್ಲಿ ನಿಲ್ಲಿಸಿ, ಇನ್ನೊಮ್ಮೆ ಓದು ಎನ್ನುತ್ತಾರೆ. ಬರೆದ ಮಾತು ಒಂದು, ಬರೆಯದೆ ಬಿಟ್ಟುದು ನೂರು. ಹಾಡುಗಾರನು ‘ಕ್ಷೇಮ’ ಎನ್ನುತ್ತಿರುವಾಗಲೇ ಕೆಳದನಿಯ ತಂತಿಗಳು ಬಿಟ್ಟುಹೋದ ನೂರನ್ನು ನುಡಿಯಬಲ್ಲವು. ವಾದ್ಯವೃಂದದ ಅಗತ್ಯ ಇರುವುದು ಇಲ್ಲಿಯೇ.

ಇದು ನಮಗೆ ಹೊರಗಿನ ವಿಷಯವೆಂದು ತಿಳಿಯಬೇಕಾಗಿಲ್ಲ. ಓವೆನ್ ಮಡಿಯುವುದಕ್ಕೆ ಆರು ವಾರ ಮೊದಲು, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಪಡೆಯ ನಮ್ಮ ಸವಾರರು ಹೈಫಾ ನಗರದಲ್ಲಿ ಕಾದಿದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆ ಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಭಾರತೀಯ ಸಿಪಾಯಿಗಳಲ್ಲಿ ಎಷ್ಟೋ ಮಂದಿ ಅಕ್ಷರ ಬಲ್ಲವರಿಂದ ಕಾಗದ ಬರೆಸಿದರು. ಅವನ್ನು ತಡೆದು ಓದಿದ ಸರ್ಕಾರಿ ಪರೀಕ್ಷಕರು ಅನುವಾದಿಸಿಟ್ಟ ಭಾಗಗಳು ಲಂಡನ್ನಿನಲ್ಲಿ ಉಳಿದಿವೆ. ಸಂಗೀತದ ಕಡೆಯಿಂದಲೂ ನಾವು ಬಡವರಲ್ಲ. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರೇ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾಗಿದ್ದರು.

ಪ್ರತಿಮೆಯಲ್ಲಿ ಸವಾರನ ನಿಲುವು ಉಂಟು, ದನಿಯಿಲ್ಲ. ದನಿ ಇರುವುದು ಕಾಗದದಲ್ಲಿ. ಕಾಗದಕ್ಕೆ ಗೆದ್ದಲು ಬೇಗ ಹಿಡಿಯುತ್ತದೆ. ನಮ್ಮ ಸಹಪಾಠಿಗಳಲ್ಲಿ ಸೈನಿಕರ ಮನೆಯವರು ಇದ್ದೇ ಇರುತ್ತಾರೆ. ಮನೆಯ ಪೆಟ್ಟಿಗೆ ತೆರೆದು, ಹಿರಿಯರ ಒಪ್ಪಿಗೆ ಪಡೆದು, ಒಂದೊಂದು ಕಾಗದವನ್ನು ನಕಲು ಮಾಡಿಟ್ಟರೂ ಸಾಕು. ರಾಗ ಕಟ್ಟುವವನು ಎಂದಾದರೊಂದು ದಿನ ಬಂದಾನು. ಅವನು ಬರುವ ಹೊತ್ತಿಗೆ ಮಾತು ಉಳಿದಿರಬೇಕು.