ದಾರಿ ಬಿಟ್ಟವರು ಸೋತವರಲ್ಲ

ದೇಶದ ರಸ್ತೆಗಳಲ್ಲಿ 2022ರಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಇದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ ಪ್ರಕಟಿಸಿದ ಲೆಕ್ಕ. ಅದರಲ್ಲಿ ಕರ್ನಾಟಕದ ಪಾಲು ಹನ್ನೊಂದು ಸಾವಿರಕ್ಕೂ ಮೇಲೆ. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಬೈಕು, ಸ್ಕೂಟರುಗಳ ಮೇಲಿದ್ದವರು. ಸುಮಾರು 19 ಮಂದಿ ನಡೆದು ಹೋಗುತ್ತಿದ್ದವರು. ಹತ್ತರಲ್ಲಿ ಏಳು ಸಾವಿಗೆ ಅತಿವೇಗ ಕಾರಣವೆಂದು ಪೊಲೀಸ್ ದಾಖಲೆಗಳು ಹೇಳುತ್ತವೆ. ಆದರೆ ಆ ವೇಗದ ಹಿಂದೆ ಏನಿತ್ತು ಎಂಬುದು ದಾಖಲೆಯಲ್ಲಿ ಬರುವುದಿಲ್ಲ. ಸೈಡ್ ಕೊಡಲಿಲ್ಲವೆಂಬ ಸಿಟ್ಟು, ಅವನಿಗಿಂತ ಮುಂದೆ ಹೋಗಿಯೇ ತೀರುತ್ತೇನೆಂಬ ಹಟ, ರಸ್ತೆ ದಾಟುತ್ತಿರುವವರು ಹೇಗೂ ನಿಲ್ಲುತ್ತಾರೆ ಎಂಬ ಭರವಸೆ, ಇವೆಲ್ಲ ಆಕ್ಸಿಲರೇಟರ್ ಒತ್ತುವ ಕಾಲಿಗೆ ಬಲ ಕೊಡುತ್ತವೆ. ರಸ್ತೆಯ ಮೇಲಿನ ಸೌಜನ್ಯವನ್ನು ನಾವು ಒಳ್ಳೆಯತನದ ಖಾತೆಗೆ ಬರೆದುಬಿಟ್ಟಿದ್ದೇವೆ. ಇದ್ದರೆ ಚೆಂದ, ಇಲ್ಲದಿದ್ದರೂ ಗಾಡಿ ಓಡುತ್ತದೆ ಎಂದುಕೊಂಡಿದ್ದೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ದಾರಿ ಬಿಡುವುದು ಗಾಡಿ ಓಡಿಸುವ ಕಸುಬಿನದೇ ಒಂದು ಭಾಗ. ಬ್ರೇಕು, ಕ್ಲಚ್ಚು ಗೊತ್ತಿದ್ದು ದಾರಿ ಬಿಡಲು ಬಾರದವನು ಕಸುಬನ್ನು ಅರ್ಧ ಕಲಿತವನು. ಒರಟು ಚಾಲಕರ ನಡುವೆ ಓಡಿಸಬೇಕಾದಾಗಲಂತೂ ನಮ್ಮ ಕೈಯಲ್ಲಿರುವ ಅತಿ ದೊಡ್ಡ ರಕ್ಷಣೆ ಅದೇ.

ಮೊದಲು ನುಗ್ಗುವವರಿಗೆ ಏನು ಸಿಗುತ್ತದೆ ಎಂದು ನೋಡೋಣ. ಹತ್ತು ಕಿಲೋಮೀಟರ್ ದಾರಿಯನ್ನು ಗಂಟೆಗೆ 40ರ ವೇಗದಲ್ಲಿ ಹೋದರೆ ಹದಿನೈದು ನಿಮಿಷ ಬೇಕು, 50ರಲ್ಲಿ ಹೋದರೆ ಹನ್ನೆರಡು. ದಾರಿಯುದ್ದಕ್ಕೂ ಎಲ್ಲೂ ನಿಲ್ಲದೆ ಹೋದರೂ ಉಳಿಯುವುದು ಮೂರೇ ನಿಮಿಷ. ಬೆಂಗಳೂರಿನಂಥ ಊರಿನಲ್ಲಿ ಅದೂ ಉಳಿಯುವುದಿಲ್ಲ. ಇಲ್ಲಿ ವಾಹನಗಳ ಸಂಖ್ಯೆ ಕೋಟಿ ದಾಟಿದೆ. ನಗರದ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಸಾಗಲು 2023ರಲ್ಲಿ ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಯಿತು ಎಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿತ್ತು. ಅಂದರೆ ಗಂಟೆಗೆ ಸುಮಾರು 21 ಕಿಲೋಮೀಟರ್. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಟ್ ಹೊಡೆದು ಹೋದವನು ಮುಂದಿನ ಸಿಗ್ನಲ್‌ನಲ್ಲಿ ನಮ್ಮ ಪಕ್ಕದಲ್ಲೇ ನಿಂತಿರುತ್ತಾನೆ. ಆದರೂ ಪಕ್ಕದ ಸಾಲೇ ಬೇಗ ಸಾಗುತ್ತಿದೆ ಎಂದು ಎಲ್ಲರಿಗೂ ಅನ್ನಿಸುತ್ತದಲ್ಲ, ಅದಕ್ಕೆ ಕಾರಣವಿದೆ. ಕೆನಡಾದ ವೈದ್ಯ ಡೊನಾಲ್ಡ್ ರೆಡೆಲ್‌ಮಿಯರ್ ಮತ್ತು ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ತಿಬ್ಶಿರಾನಿ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಎರಡು ಸಾಲುಗಳ ಸರಾಸರಿ ವೇಗ ಒಂದೇ ಆಗಿದ್ದರೂ, ನಾವು ಬೇರೆಯವರನ್ನು ಹಿಂದಿಕ್ಕುವಾಗ ಅವರು ಒತ್ತೊತ್ತಾಗಿ ನಿಂತಿರುತ್ತಾರೆ, ಕ್ಷಣದಲ್ಲಿ ಹತ್ತು ಗಾಡಿ ದಾಟಿಬಿಡುತ್ತೇವೆ. ಅವರು ನಮ್ಮನ್ನು ದಾಟುವಾಗ ಅಂತರ ಬಿಟ್ಟು ಒಬ್ಬೊಬ್ಬರಾಗಿ ಬರುತ್ತಾರೆ, ಅದು ತುಂಬ ಹೊತ್ತು ನಡೆಯುತ್ತದೆ. ನಾವು ದಾಟಿದವರು ಬೆನ್ನ ಹಿಂದೆ ಮರೆಯಾಗುತ್ತಾರೆ, ನಮ್ಮನ್ನು ದಾಟಿದವರು ಕಣ್ಣೆದುರಿಗೇ ಇರುತ್ತಾರೆ. ಸಾಲು ಬದಲಿಸುವ ಚಡಪಡಿಕೆಯ ಬಹುಪಾಲು ಹುಟ್ಟುವುದು ಈ ಭ್ರಮೆಯಿಂದ.

ಸಾಲು ಬದಲಿಸುವವನಿಂದ ಹಿಂದಿನವರಿಗೆ ಆಗುವ ನಷ್ಟ ಮಾತ್ರ ನಿಜವಾದದ್ದು. ಜಪಾನಿನ ವಿಜ್ಞಾನಿಗಳ ತಂಡವೊಂದು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಿ ನೋಡಿತು. 2008ರಲ್ಲಿ ಅದರ ಫಲಿತಾಂಶ ಹೊರಬಂತು. ಆ ವೃತ್ತದಲ್ಲಿ ಸಿಗ್ನಲ್ ಇರಲಿಲ್ಲ, ಗುಂಡಿ ಇರಲಿಲ್ಲ, ರಸ್ತೆ ಎಲ್ಲೂ ಕಿರಿದಾಗಿರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಒಬ್ಬ ತುಸು ನಿಧಾನಿಸಿದ, ಅವನ ಹಿಂದಿನವ ಇನ್ನಷ್ಟು ನಿಧಾನಿಸಿದ, ಕೊನೆಗೆ ಕೆಲವು ಕಾರುಗಳು ಪೂರ್ತಿ ನಿಂತೇಹೋದವು. ಆ ನಿಲುಗಡೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಹಿಂದಕ್ಕೆ ಹರಿಯಿತು. ಟ್ರಾಫಿಕ್ ಜಾಮಿಗೆ ದೊಡ್ಡ ಕಾರಣವೇ ಬೇಕಿಲ್ಲ, ಒಂದು ಅನಗತ್ಯ ಬ್ರೇಕು ಸಾಕು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ಇಂಡಿಕೇಟರ್ ಹಾಕದೆ ಅಡ್ಡ ನುಗ್ಗುವವನು ಹಿಂದಿನವನಿಗೆ ಅಂಥ ಬ್ರೇಕನ್ನು ಬಲವಂತವಾಗಿ ಹಿಡಿಸುತ್ತಾನೆ. ಮುಂದಿನ ಗಾಡಿಯಿಂದ ಅಂತರ ಇಟ್ಟುಕೊಂಡವನು ಆ ಹೊಡೆತವನ್ನು ತನ್ನಲ್ಲೇ ನುಂಗಿಕೊಂಡು ಹಿಂದಿನವರನ್ನು ಕಾಪಾಡುತ್ತಾನೆ. ಅಂತರ ಬಿಟ್ಟರೆ ನಡುವೆ ಯಾರಾದರೂ ತೂರುತ್ತಾರೆ ಎಂದು ಜನ ಹೇಳುವುದು ಸುಳ್ಳಲ್ಲ. ತೂರಲಿ. ಒಂದು ಗಾಡಿ ತೂರಿದರೆ ನಾವು ಹಿಂದೆ ಬೀಳುವುದು ಒಂದು ಗಾಡಿಯ ಉದ್ದದಷ್ಟು ಮಾತ್ರ.

ಇಷ್ಟು ಚಿಕ್ಕ ನಷ್ಟಕ್ಕೆ ಅಷ್ಟು ದೊಡ್ಡ ಸಿಟ್ಟು ಏಕೆ ಬರುತ್ತದೆ? ನಾವು ತಪ್ಪು ಮಾಡಿದಾಗ ಅದರ ಕಾರಣ ನಮಗೆ ಗೊತ್ತಿರುತ್ತದೆ: ಮಗು ಅಳುತ್ತಿತ್ತು, ಬೋರ್ಡ್ ಕಾಣಲಿಲ್ಲ, ಕೆಲಸಕ್ಕೆ ತಡವಾಗಿತ್ತು. ಇನ್ನೊಬ್ಬನು ಅದೇ ತಪ್ಪು ಮಾಡಿದರೆ ಕಾರಣ ನಮಗೆ ಕಾಣುವುದಿಲ್ಲ, ಆದ್ದರಿಂದ ಅವನ ಸ್ವಭಾವವನ್ನೇ ದೂರುತ್ತೇವೆ. ಮನಃಶಾಸ್ತ್ರಜ್ಞರು ಅರ್ಧ ಶತಮಾನದಿಂದ ಇದನ್ನು ಹೇಳುತ್ತಿದ್ದಾರೆ. ಇದರ ಜೊತೆಗೆ ನಮ್ಮ ಬಗ್ಗೆ ನಮಗಿರುವ ಅಭಿಪ್ರಾಯವೂ ಸೇರಿಕೊಳ್ಳುತ್ತದೆ. ಸ್ವೀಡನ್ನಿನ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಲ್ಗೊಂಡ ಅಮೆರಿಕನ್ನರಲ್ಲಿ ನೂರಕ್ಕೆ 93 ಮಂದಿ, ಚಾಲನೆಯ ಕೌಶಲದಲ್ಲಿ ತಾವು ಮೇಲಿನ ಅರ್ಧಕ್ಕೆ ಸೇರಿದವರು ಎಂದುಕೊಂಡಿದ್ದರು. ಎಲ್ಲರೂ ಮೇಲಿನ ಅರ್ಧದಲ್ಲಿರಲು ಸಾಧ್ಯವಿಲ್ಲ. ಪಡಿತರ ಅಂಗಡಿಯ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಿದರೆ ಮುಖ ಕಾಣುತ್ತದೆ, 'ತಪ್ಪಾಯ್ತು ಅಣ್ಣಾ' ಎಂಬ ಮಾತು ಕೇಳಿಸುತ್ತದೆ, ಅಲ್ಲಿಗೆ ಮುಗಿಯುತ್ತದೆ. ರಸ್ತೆಯಲ್ಲಿ ಕಾಣುವುದು ಗಾಜು, ಹೆಲ್ಮೆಟ್ಟು ಮತ್ತು ನಂಬರ್ ಪ್ಲೇಟು. ಕ್ಷಮೆ ಕೇಳಲು ಅಲ್ಲಿ ದಾರಿಯೇ ಇಲ್ಲ. ಹಾಗಾಗಿ ಕೈ ಎತ್ತಿ ಒಂದು ಸನ್ನೆ ಮಾಡುವ ಅಭ್ಯಾಸಕ್ಕೆ ಬಹಳ ಬೆಲೆಯಿದೆ. ತಪ್ಪಿದಾಗ ಒಮ್ಮೆ, ಯಾರಾದರೂ ದಾರಿ ಬಿಟ್ಟಾಗ ಇನ್ನೊಮ್ಮೆ.

ನಮಗೆ ಕಟ್ ಹೊಡೆದವನನ್ನು ಬೆನ್ನಟ್ಟಿ, ಅವನ ಮುಂದೆ ಗಾಡಿ ತಂದು ಬ್ರೇಕ್ ಹಾಕಿ, ಕಿಟಕಿ ಇಳಿಸಿ ಬೈದು ಬುದ್ಧಿ ಕಲಿಸಬೇಕೆಂಬ ಆಸೆ ಅತ್ಯಂತ ಅಪಾಯಕಾರಿ. ಪಾಠ ಕಲಿತವರು ಯಾರೂ ಇಲ್ಲ. ಬೈಸಿಕೊಂಡವನಿಗೆ ನೆನಪಿರುವುದು ಬೈಗುಳ, ತನ್ನ ತಪ್ಪಲ್ಲ. ಪಟಿಯಾಲದಲ್ಲಿ 1988ರ ಡಿಸೆಂಬರ್‌ನಲ್ಲಿ ಗಾಡಿಗೆ ದಾರಿ ಬಿಡುವ ವಿಚಾರದ ಜಗಳದಲ್ಲಿ 65 ವರ್ಷದ ಹಿರಿಯರೊಬ್ಬರು ಏಟು ತಿಂದು ಸತ್ತರು. ಆ ಪ್ರಕರಣದಲ್ಲಿ ಕ್ರಿಕೆಟಿಗ, ರಾಜಕಾರಣಿ ನವಜೋತ್ ಸಿಂಗ್ ಸಿಧು ಅವರಿಗೆ ಸುಪ್ರೀಂ ಕೋರ್ಟ್ ಒಂದು ವರ್ಷದ ಸೆರೆವಾಸ ವಿಧಿಸಿದ್ದು 2022ರ ಮೇ ತಿಂಗಳಲ್ಲಿ. ಕೆಲವು ನಿಮಿಷಗಳ ಸಿಟ್ಟಿನಿಂದ ಒಂದು ಜೀವ ಹೋಯಿತು, ಎರಡು ಕುಟುಂಬಗಳು ಮೂವತ್ತಮೂರು ವರ್ಷ ಕೋರ್ಟಿಗೆ ಅಲೆದವು. ಆದ್ದರಿಂದ ಒರಟನೊಬ್ಬ ಹಿಂದೆ ಬಿದ್ದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಎಡಕ್ಕೆ ಸರಿದು, ಅವನನ್ನು ಮುಂದೆ ಬಿಡುವುದೇ ಸರಿ. ದಿಟ್ಟಿಸಿ ನೋಡಬೇಡಿ, ಸನ್ನೆ ಮಾಡಬೇಡಿ. ಹಿಂಬಾಲಿಸುತ್ತಲೇ ಇದ್ದರೆ ಮನೆಯ ಕಡೆಗೆ ಹೋಗದೆ ಜನರಿರುವ ಪೆಟ್ರೋಲ್ ಬಂಕಿಗೋ ಪೊಲೀಸ್ ಠಾಣೆಗೋ ಗಾಡಿ ತಿರುಗಿಸಿ, ಬಾಗಿಲು ಲಾಕ್ ಮಾಡಿಕೊಂಡು 112ಕ್ಕೆ ಕರೆ ಮಾಡಿ. ಜೊತೆಯಲ್ಲಿ ಕುಳಿತವರು ನಂಬರ್ ಬರೆದಿಟ್ಟುಕೊಳ್ಳಲಿ.

ಹೀಗೆ ಎಲ್ಲರೂ ಬಿಟ್ಟುಕೊಡುತ್ತಾ ಹೋದರೆ ನುಗ್ಗುವವನಿಗೇ ಲಾಭವಲ್ಲವೇ, ಸಾಧುಗಳು ಹಿಂದೆ ಉಳಿಯುತ್ತಾರಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಆ ಕ್ಷಣದ ಸುರಕ್ಷತೆ ಚಾಲಕನ ಕೆಲಸ, ಶಿಕ್ಷೆ ಸರ್ಕಾರದ ಕೆಲಸ. ಎರಡನ್ನೂ ಸ್ಟಿಯರಿಂಗ್ ಹಿಡಿದವನೇ ಮಾಡಹೊರಟರೆ ಎರಡೂ ಕೆಡುತ್ತವೆ. ಶಿಕ್ಷಿಸುವ ಕೆಲಸಕ್ಕೆ ಕ್ಯಾಮೆರಾ ನಮಗಿಂತ ಮೇಲು. ಅದಕ್ಕೆ ಸಿಟ್ಟಿಲ್ಲ, ಪರಿಚಯವಿಲ್ಲ, ಆಯಾಸವಿಲ್ಲ. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರ್‌ನಿಂದ ಇಂಥ ಕ್ಯಾಮೆರಾಗಳು ತಾವಾಗಿಯೇ ನೋಟಿಸ್ ಕಳಿಸುತ್ತಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ವೇಗ ಹಿಡಿಯುವ ಕ್ಯಾಮೆರಾಗಳು ಬಂದವು, 2023ಕ್ಕೆ ಹೋಲಿಸಿದರೆ ನಂತರ ಸಾವುಗಳು ಗಣನೀಯವಾಗಿ ಇಳಿದವು. ಆದರೆ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಿದ್ದು ನನ್ನ ದೃಷ್ಟಿಯಲ್ಲಿ ತಪ್ಪು. ಆ ಕ್ರಮದಿಂದ, ತಪ್ಪಾದ ತಕ್ಷಣ ದಂಡ ಕಟ್ಟಿದವನು ಪೂರ್ತಿ ಕಟ್ಟಿದ, ತಲೆ ಕೆಡಿಸಿಕೊಳ್ಳದವನು ಅರ್ಧ ಕಟ್ಟಿದ. ಸಾಧುವಿಗೆ ನಷ್ಟವಾಗುವುದು ದಾರಿ ಬಿಟ್ಟಾಗಲ್ಲ, ಇಂಥ ತೀರ್ಮಾನಗಳಾದಾಗ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ರಸ್ತೆಗಳಲ್ಲಿ ಸೌಜನ್ಯವೇ ಇಲ್ಲ ಎನ್ನುವುದು ಸರಿಯಲ್ಲ. ಇದೆ, ಆದರೆ ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುತ್ತದೆ. ಬಸ್ಸಿಗೆ ಕಾರು ದಾರಿ ಬಿಡುತ್ತದೆ, ಕಾರಿಗೆ ಆಟೋ, ಆಟೋಗೆ ಬೈಕು, ಬೈಕಿಗೆ ಸೈಕಲ್ಲು. ನಡೆಯುವವರು ಎಲ್ಲರಿಗೂ ದಾರಿ ಬಿಟ್ಟು ಚರಂಡಿಯ ಅಂಚಿಗೆ ಸರಿಯುತ್ತಾರೆ. ಇದು ಭಯ, ಸೌಜನ್ಯದ ವೇಷ ತೊಟ್ಟ ಭಯ. ಗಾಡಿಯ ಬೆಲೆ ನೋಡಿ ಮರ್ಯಾದೆ ಕೊಡುವ ಅಭ್ಯಾಸ ನಮ್ಮದೊಂದೇ ಅಲ್ಲ. ಆಂಟನಿ ಡೂಬ್ ಮತ್ತು ಆಲನ್ ಗ್ರಾಸ್ 1968ರಲ್ಲಿ ಪ್ರಕಟಿಸಿದ ಕ್ಯಾಲಿಫೋರ್ನಿಯಾದ ಪ್ರಯೋಗದಲ್ಲಿ, ಹಸಿರು ದೀಪ ಬಂದರೂ ಒಂದು ಕಾರು ಬೇಕೆಂದೇ ಕದಲದೆ ನಿಲ್ಲುತ್ತಿತ್ತು. ಅದು ಹಳೆಯ ಸಾಧಾರಣ ಕಾರಾಗಿದ್ದಾಗ ಹಿಂದಿದ್ದವರಲ್ಲಿ ನೂರಕ್ಕೆ 84 ಮಂದಿ ಹಾರ್ನ್ ಮಾಡಿದರು; ಹೊಸ ದುಬಾರಿ ಕಾರಾಗಿದ್ದಾಗ 50 ಮಂದಿ ಮಾತ್ರ. ನಮ್ಮ ಕಾನೂನು ಈ ಏಣಿಯನ್ನು ತಲೆಕೆಳಗು ಮಾಡುತ್ತದೆ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರ ಬಗ್ಗೆ ಚಾಲಕರು ವಿಶೇಷ ಎಚ್ಚರ ವಹಿಸಬೇಕು ಎನ್ನುತ್ತದೆ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ 2019ರ ತಿದ್ದುಪಡಿ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಹೇಳುತ್ತದೆ. ಜೀಬ್ರಾ ಪಟ್ಟೆಯ ಮೇಲೆ ಗಾಡಿ ನಿಲ್ಲಿಸುವುದು, ಮಳೆಗಾಲದಲ್ಲಿ ನಡೆಯುವವರ ಮೇಲೆ ಕೆಸರು ಹಾರಿಸಿ ಹೋಗುವುದು, ಸಂಜೆ ಜಾಮ್ ಆದಾಗ ಫುಟ್‌ಪಾತ್ ಮೇಲೆ ಬೈಕ್ ಹತ್ತಿಸುವುದು, ಇವು ಸಣ್ಣ ತಪ್ಪುಗಳೆಂದು ಅನ್ನಿಸುವುದು ನಾವು ಗಾಡಿಯೊಳಗೆ ಕೂತು ನೋಡುವುದರಿಂದ.

ಹಾರ್ನ್ ಇಲ್ಲದೆ ಇಲ್ಲಿ ಓಡಿಸಲು ಆಗುವುದಿಲ್ಲ ಎಂದು ಅನೇಕ ಚಾಲಕರು ಪ್ರಾಮಾಣಿಕವಾಗಿ ಹೇಳುತ್ತಾರೆ. ಕಾಡುದಾರಿಯ ಕುರುಡು ತಿರುವಿನಲ್ಲಿ ಅದು ನಿಜ. ಹಿಂದೆ ಲಾರಿಗಳಿಗೆ ಸರಿಯಾದ ಕನ್ನಡಿಗಳಿಲ್ಲದ ಕಾಲದಲ್ಲಿ ಹಿಂಬದಿಯಲ್ಲಿ 'ಹಾರ್ನ್ ಮಾಡಿ' ಎಂದು ಬರೆಸುವುದರಲ್ಲಿ ಅರ್ಥವಿತ್ತು. ಸಿಗ್ನಲ್‌ನಲ್ಲಿ ಕೆಂಪು ದೀಪದ ಎದುರು ಹಾರ್ನ್ ಒತ್ತುವುದಕ್ಕೆ ಯಾವ ಅರ್ಥವೂ ಇಲ್ಲ. ಮುಂಬೈ ಪೊಲೀಸರು 2020ರ ಜನವರಿಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸದ್ದು 85 ಡೆಸಿಬಲ್ ದಾಟಿದರೆ ಸಿಗ್ನಲ್‌ನ ಕಾಯುವ ಸಮಯ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತಿತ್ತು. ಕೆಂಪು ದೀಪ ಹಾರ್ನಿಗೆ ಬಗ್ಗುವುದಿಲ್ಲ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ರೀತಿ ಅದು. ಸದ್ದು ಹೆಚ್ಚಿದಷ್ಟೂ ಹಾರ್ನಿನ ಉಪಯೋಗ ಕಡಿಮೆ. ಎಲ್ಲರೂ ಒತ್ತುತ್ತಿದ್ದರೆ ನಿಜವಾದ ಎಚ್ಚರಿಕೆ ಯಾರಿಗೂ ಕೇಳಿಸುವುದಿಲ್ಲ.

ಮಲೆನಾಡಿನ ಘಾಟಿಗಳಲ್ಲಿ ಓಡಿಸುವವರು ಒಂದು ನಿಯಮವನ್ನು ಚೆನ್ನಾಗಿ ಬಲ್ಲರು: ಇಬ್ಬರು ದಾಟಲಾಗದ ಕಡೆ ಇಳಿಯುವವನು ನಿಲ್ಲಬೇಕು, ಏರುವವನು ಹೋಗಬೇಕು. ಆಗುಂಬೆಯ ತಿರುವಿನಲ್ಲಿ ಭಾರ ಹೊತ್ತು ಏರುವ ಗಾಡಿ ಒಮ್ಮೆ ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ, ಹಿಂದಕ್ಕೆ ಜಾರುವ ಅಪಾಯ ಬೇರೆ. ಕಷ್ಟ ಯಾರಿಗೆ ಹೆಚ್ಚೋ ಅವರಿಗೆ ಮೊದಲ ದಾರಿ ಎಂಬ ಈ ನಿಯಮ ಕಾನೂನಿನಲ್ಲೂ ಇದೆ. ರಾತ್ರಿ ಎದುರಿನ ಗಾಡಿಗೆ ಲೈಟ್ ಡಿಮ್ ಮಾಡುವುದರ ಹಿಂದಿರುವುದೂ ಇದೇ ವಿಚಾರ. ಗಂಟೆಗೆ 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಹೈಬೀಮ್ ಕಣ್ಣಿಗೆ ಹೊಡೆದು ಮೂರು ಸೆಕೆಂಡು ಏನೂ ಕಾಣದಿದ್ದರೆ ಎದುರಿನವನು ಐವತ್ತು ಮೀಟರ್ ಕುರುಡಾಗಿ ಓಡಿಸಿರುತ್ತಾನೆ, ಅದೂ ನಮ್ಮ ಕಡೆಗೇ.

ರಸ್ತೆಗಳೇ ಸರಿಯಿಲ್ಲ ಎಂಬ ದೂರು ನಿಜ, ಗುಂಡಿ ತಪ್ಪಿಸಲು ಹೋದವನನ್ನು ಬೈಯಲಾಗದು. ಹತ್ತು ನಿಮಿಷದಲ್ಲಿ ತಲುಪಿಸಬೇಕೆಂಬ ಒತ್ತಡದಲ್ಲಿ ಓಡುವ ಡೆಲಿವರಿ ಹುಡುಗರ ತಪ್ಪಿನಲ್ಲಿ ಅವರ ಕಂಪನಿಗಳಿಗೂ, ಆರ್ಡರ್ ಕೊಟ್ಟ ನಮಗೂ ಪಾಲಿದೆ. ಆದರೆ 'ನಮ್ಮ ಜನವೇ ಹೀಗೆ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಿಜೋರಾಂನ ಐಜ್ವಾಲ್ ಕೂಡ ಇದೇ ದೇಶದ ಊರು. ಗುಡ್ಡದ ಇಕ್ಕಟ್ಟಾದ ರಸ್ತೆಗಳು, ದಟ್ಟ ವಾಹನಗಳು. ಆದರೂ ಕಾರುಗಳು ಒಂದು ಸಾಲು, ದ್ವಿಚಕ್ರ ವಾಹನಗಳು ಇನ್ನೊಂದು ಸಾಲು, ಹಾರ್ನ್ ಸದ್ದು ಅಪರೂಪ. ಅಲ್ಲಿನ ಜನ ಬೇರೆ ಮಣ್ಣಿನವರಲ್ಲ. ಸಾಲು ಮುರಿಯುವುದನ್ನು ಅಲ್ಲಿ ಯಾರೂ ಜಾಣತನವೆಂದು ಮೆಚ್ಚುವುದಿಲ್ಲ.

ಲೈಸೆನ್ಸ್ ಪರೀಕ್ಷೆಯಲ್ಲಿ ನಾವು ಎಂಟು ಹಾಕಿಸುತ್ತೇವೆ, ರಿವರ್ಸ್ ತೆಗೆಸುತ್ತೇವೆ. ಜೀಬ್ರಾ ಪಟ್ಟೆಯಲ್ಲಿ ಅಜ್ಜಿಯೊಬ್ಬರು ನಿಂತಿದ್ದರೆ ಅಭ್ಯರ್ಥಿ ಗಾಡಿ ನಿಲ್ಲಿಸುತ್ತಾನೋ ಇಲ್ಲವೋ ಎಂದು ಖಾಲಿ ಮೈದಾನದ ಆ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಅದನ್ನು ಮನೆಯವರೇ ಕಲಿಸಬೇಕು. ಮಗನಿಗೋ ಮಗಳಿಗೋ ಗಾಡಿ ಹೇಳಿಕೊಡುವಾಗ ಗೇರ್ ಬದಲಿಸುವುದರ ಜೊತೆಗೇ ಇಂಡಿಕೇಟರ್ ಹಾಕಿ ಕಾಯುವುದನ್ನು, ನಡೆಯುವವರಿಗೆ ನಿಲ್ಲುವುದನ್ನು, ಎದುರು ಗಾಡಿ ಕಂಡಾಗ ಲೈಟ್ ಡಿಮ್ ಮಾಡುವುದನ್ನು, ಕಟ್ ಹೊಡೆದವನನ್ನು ಹೋಗಲು ಬಿಡುವುದನ್ನು ಮೊದಲ ವಾರದಲ್ಲೇ ಕಲಿಸಿ.